ಫ್ರಾಂಕ್ ಶೂಮನ್: 1913ರಲ್ಲೇ ಬಿಸಿಲಿನಿಂದ ಪಂಪ್ ಓಡಿಸಿದವನ ಕೈ ಬಿಟ್ಟಿದ್ದು ಯಾರು?

1913ರಲ್ಲಿ ಈಜಿಪ್ಟಿನ ಕೈರೋ ಪಕ್ಕದ ಮಾದಿ ಎಂಬಲ್ಲಿ ಒಂದು ಎಂಜಿನ್ ಶುರುವಾಯ್ತು. ಅದಕ್ಕೆ ಕಲ್ಲಿದ್ದಲು ಬೇಕಿರಲಿಲ್ಲ, ಸೌದೆ ಬೇಕಿರಲಿಲ್ಲ. ಉದ್ದನೆಯ ಕನ್ನಡಿಗಳು ಬಿಸಿಲನ್ನು ಹಿಡಿದು ನೀರನ್ನು ಆವಿ ಮಾಡುತ್ತಿದ್ದವು, ಆ ಆವಿ ನೈಲ್ ನದಿಯ ನೀರನ್ನು ಹೊಲಕ್ಕೆ ಎತ್ತುತ್ತಿತ್ತು. ಅದನ್ನು ಕಟ್ಟಿದವನು ಫ್ರಾಂಕ್ ಶೂಮನ್. ಐದು ವರ್ಷದೊಳಗೆ ಅವನೂ ಇರಲಿಲ್ಲ, ಅವನ ಕನ್ನಡಿಗಳೂ ಇರಲಿಲ್ಲ.

ಶೂಮನ್ ಹುಟ್ಟಿದ್ದು 1862ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬೆಳಕಿಗೆ ಬಂದಿದ್ದು ಸೌರಶಕ್ತಿಯಿಂದಲ್ಲ, ಗಾಜಿನಿಂದ. ಒಡೆದರೂ ಚೂರಾಗಿ ಬೀಳದಂತೆ ಒಳಗೆ ತಂತಿಬಲೆ ಕೂರಿಸಿದ ಗಾಜಿಗೆ 1892ರಲ್ಲಿ ಪೇಟೆಂಟ್ ಪಡೆದ. ಅದರಿಂದ ಬಂದ ದುಡ್ಡೇ ಅವನ ಮೊದಲ ಬಂಡವಾಳ. ಫಿಲಡೆಲ್ಫಿಯಾದ ಟಕೋನಿಯಲ್ಲಿದ್ದ ತನ್ನ ಜಾಗದಲ್ಲೇ ಪ್ರಯೋಗ ಶುರು ಮಾಡಿದ. ಗಾಜು ಮುಚ್ಚಿದ ಪೆಟ್ಟಿಗೆಯೊಳಗೆ ಕಡಿಮೆ ಬಿಸಿಗೇ ಕುದಿಯುವ ಈಥರ್ ಇಟ್ಟು, 1907ರ ಹೊತ್ತಿಗೆ ಸಣ್ಣದೊಂದು ಎಂಜಿನ್ ಓಡಿಸಿ ಜನರಿಗೆ ತೋರಿಸಿದ. ಮರುವರ್ಷ ಸನ್ ಪವರ್ ಕಂಪನಿ ಹುಟ್ಟಿತು.

ಆದರೆ ಕಲ್ಲಿದ್ದಲು ಅಗೆದಷ್ಟೂ ಸಿಗುವ ಪೆನ್ಸಿಲ್ವೇನಿಯಾದಲ್ಲಿ ಬಿಸಿಲಿಗೆ ಯಾರು ದುಡ್ಡು ಹಾಕ್ತಾರೆ? ಶೂಮನ್ ಲಂಡನ್ ಹೂಡಿಕೆದಾರರ ಬಾಗಿಲು ತಟ್ಟಿದ. ಅವರಿಗೆ ಈಜಿಪ್ಟ್ ಕಣ್ಣ ಮುಂದಿತ್ತು. ಅಲ್ಲಿ ಬಿಸಿಲು ಧಾರಾಳ, ಕಲ್ಲಿದ್ದಲು ಮಾತ್ರ ಬ್ರಿಟನ್ನಿನಿಂದ ಹಡಗಿನಲ್ಲಿ ಬರಬೇಕು, ಬಲು ದುಬಾರಿ. ಅವರು ದುಡ್ಡು ಕೊಟ್ಟರು, ಜೊತೆಗೆ ತಜ್ಞರನ್ನೂ ತಂದರು. ಎಂಜಿನಿಯರ್ ಆಕರ್‌ಮನ್ ಯಂತ್ರವನ್ನು ಪರೀಕ್ಷಿಸಿದರು. ಭೌತವಿಜ್ಞಾನಿ ಸಿ.ವಿ. ಬಾಯ್ಸ್ ಚಪ್ಪಟೆ ಪೆಟ್ಟಿಗೆಯ ಬದಲು ದೋಣಿಯಂತೆ ಬಾಗಿದ ಕನ್ನಡಿ ಇಡಲು ಸೂಚಿಸಿದರು. ಸೂರ್ಯನ ಜೊತೆಗೇ ತಿರುಗುವ, ಸುಮಾರು 62 ಮೀಟರ್ ಉದ್ದದ ಐದು ಸಾಲು ಕನ್ನಡಿಗಳು ಎದ್ದವು.

ಮೊದಲ ಸಲ ಯಂತ್ರ ಕೈಕೊಟ್ಟಿತು. ಸತುವಿನ ಬಾಯ್ಲರ್‌ಗಳು ಬಿಸಿ ತಾಳಲಾರದೆ ಹಾಳಾದವು. ಸೌರಶಕ್ತಿ ಇಷ್ಟೇ ಅಂತ ಕೈತೊಳೆದುಕೊಳ್ಳಲು ಅದೊಂದು ನೆಪ ಸಾಕಿತ್ತು. ಆದರೆ ಹೂಡಿಕೆದಾರರು ಬಿಟ್ಟು ಓಡಲಿಲ್ಲ. ಬೀಡುಕಬ್ಬಿಣದ ಬಾಯ್ಲರ್ ಬಂತು, 1913ರಲ್ಲಿ ಯಂತ್ರ ನಿಮಿಷಕ್ಕೆ 6,000 ಗ್ಯಾಲನ್ ನೀರೆತ್ತಿತು. ಹೊಸ ತಂತ್ರಜ್ಞಾನಕ್ಕೆ ಬೇಕಾದ ಬೆಂಬಲ ಅಂದ್ರೆ ಇದೇ: ಮೊದಲ ಸೋಲಿನ ನಂತರವೂ ಉಳಿಯುವ ದುಡ್ಡು.

ಆದ್ರೆ ಆ ನೀರು ಯಾರಿಗೆ ಅನ್ನೋದನ್ನೂ ಕೇಳಬೇಕು. ಈಜಿಪ್ಟ್ ಆಗ ಬ್ರಿಟನ್ನಿನ ಹಿಡಿತದಲ್ಲಿತ್ತು. ನೀರು ಹರಿದದ್ದು ಹತ್ತಿ ಹೊಲಕ್ಕೆ, ಆ ದೇಶದ ಹತ್ತಿಗೆ ಇಂಗ್ಲೆಂಡಿನ ಗಿರಣಿಗಳು ಕಾಯುತ್ತಿದ್ದವು. ಅಲ್ಲಿನ ಬ್ರಿಟಿಷ್ ಆಡಳಿತದ ಮುಖ್ಯಸ್ಥ ಕಿಚನರ್ ಸುಡಾನಿನಲ್ಲಿ 30,000 ಎಕರೆ ಹತ್ತಿ ತೋಟ ಕೊಡಲು ಮುಂದೆ ಬಂದ. ಜರ್ಮನಿಯ ಸಂಸತ್ತೂ ತನ್ನ ಆಫ್ರಿಕಾ ವಸಾಹತುಗಳ ಲೆಕ್ಕ ಹಾಕಿ ಹಣ ಕೊಡಲು ಒಪ್ಪಿತು. ಇಂಧನ ಶುದ್ಧವಾದ ಮಾತ್ರಕ್ಕೆ ಅದರ ಹಿಂದಿನ ರಾಜಕಾರಣ ಶುದ್ಧವಾಗಲ್ಲ.

ಶೂಮನ್‌ನ ಕನಸು ಇನ್ನೂ ದೊಡ್ಡದಿತ್ತು. ಸಹಾರಾದಲ್ಲಿ 20,250 ಚದರ ಮೈಲಿ ಕನ್ನಡಿ ಹಾಸಿದರೆ 27 ಕೋಟಿ ಅಶ್ವಶಕ್ತಿ ಸಿಗುತ್ತದೆ, ಅದು 1909ರಲ್ಲಿ ಇಡೀ ಜಗತ್ತು ಅಗೆದ ಇಂಧನಕ್ಕೆ ಸಮ ಅಂತ ಲೆಕ್ಕ ಹಾಕಿದ್ದ.

ಆಮೇಲೆ 1914 ಬಂತು. ನೌಕಾಪಡೆಯನ್ನು ಕಲ್ಲಿದ್ದಲಿನಿಂದ ತೈಲಕ್ಕೆ ಬದಲಿಸುತ್ತಿದ್ದ ಚರ್ಚಿಲ್ ಮಾತಿಗೆ ಬ್ರಿಟನ್ ಸಂಸತ್ತು ತಲೆಯಾಡಿಸಿತು. ಆಂಗ್ಲೋ-ಪರ್ಷಿಯನ್ ತೈಲ ಕಂಪನಿಯ ಶೇ. 51 ಷೇರನ್ನು 20 ಲಕ್ಷಕ್ಕೂ ಹೆಚ್ಚು ಪೌಂಡ್ ಕೊಟ್ಟು ಸರ್ಕಾರವೇ ಕೊಂಡಿತು. ಇವತ್ತಿನ ಬಿಪಿ ಅದೇ ಕಂಪನಿ. ಕೆಲವೇ ವಾರಗಳಲ್ಲಿ ಮಹಾಯುದ್ಧ ಶುರುವಾಯ್ತು. ಮಾದಿಯ ಎಂಜಿನಿಯರುಗಳು ತಮ್ಮ ತಮ್ಮ ದೇಶಕ್ಕೆ ಹೊರಟರು, ಯಂತ್ರದ ಲೋಹ ಗುಜರಿ ಸೇರಿತು. 1918ರ ಏಪ್ರಿಲ್‌ನಲ್ಲಿ, ಯುದ್ಧ ಮುಗಿಯುವ ಮೊದಲೇ, ಶೂಮನ್ ಟಕೋನಿಯಲ್ಲಿ ತೀರಿಕೊಂಡ.

ಕನ್ನಡಿಯಿಂದ ಯುದ್ಧನೌಕೆ ಓಡುತ್ತಿರಲಿಲ್ಲ, ನಿಜ. ಆದರೆ ತೈಲ ಗೆದ್ದಿದ್ದು ಬರೀ ಮಾರುಕಟ್ಟೆಯಲ್ಲಿ ಅನ್ನೋದು ಸುಳ್ಳು. ಅದಕ್ಕೆ ಒಂದು ಸಾಮ್ರಾಜ್ಯದ ಖಜಾನೆ ಇತ್ತು, ಕೊಳ್ಳಲು ಸಿದ್ಧವಾಗಿದ್ದ ನೌಕಾಪಡೆ ಇತ್ತು. ಸೌರಶಕ್ತಿಗೆ ಇದ್ದದ್ದು ಖಾಸಗಿ ಹೂಡಿಕೆದಾರರ ದುಡ್ಡು ಮತ್ತು ಕೆಲವು ಭರವಸೆ.

ಬಾಗಿದ ಕನ್ನಡಿ ಮತ್ತೆ ದೊಡ್ಡದಾಗಿ ಬಂದಿದ್ದು ಏಳು ದಶಕದ ನಂತರ. 1984ರಿಂದ 1990ರ ನಡುವೆ ಲುಜ್ ಎಂಬ ಕಂಪನಿ ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ 354 ಮೆಗಾವಾಟ್‌ನ ಒಂಬತ್ತು ಘಟಕ ಕಟ್ಟಿತು. ತೆರಿಗೆ ರಿಯಾಯಿತಿ ಮುಂದುವರಿಯುತ್ತೋ ಇಲ್ಲವೋ ಎಂಬ ಗೊಂದಲದಲ್ಲಿ ಅದೂ 1991ರಲ್ಲಿ ದಿವಾಳಿಯಾಯ್ತು. ಘಟಕಗಳು ಓಡುತ್ತಲೇ ಇದ್ದವು, ಕಟ್ಟಿದವರು ಮುಳುಗಿದರು.

ಹಾಗಾಗಿ ಸರ್ಕಾರ ಹಸಿರು ಸ್ಟಾರ್ಟಪ್‌ಗಳಿಗೆ ನೆರವು ಅಂತ ಘೋಷಿಸಿದಾಗ ಮೂರು ಪ್ರಶ್ನೆ ಕೇಳೋಣ. ಈ ನೆರವು ಎಷ್ಟು ವರ್ಷ ಉಳಿಯುತ್ತೆ? ತಯಾರಾದದ್ದನ್ನು ಕೊಳ್ಳೋರು ಯಾರು? ಅದರ ನೀರು ಯಾರ ಹೊಲಕ್ಕೆ ಹೋಗುತ್ತೆ? ಶೂಮನ್‌ಗೆ ಮೊದಲೆರಡಕ್ಕೆ ಉತ್ತರ ಸಿಗಲಿಲ್ಲ. ಮೂರನೆಯದನ್ನು ಈಜಿಪ್ಟಿನ ರೈತರ ಬಳಿ ಯಾರೂ ಕೇಳಲೇ ಇಲ್ಲ.