ಅಡುಗೆಮನೆ ಬಾಗಿಲು ತೆರೆದಿಟ್ಟ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು

ಸಾಲಿಗ್ರಾಮ: ಬೆಂಗಳೂರಿಗೆ ಹೊರಟವರಿಗೆ ನಮ್ಮೂರಲ್ಲಿ ಬಿಟ್ಟಿ ಸಲಹೆ ಕೊಡುವವರಿಗೆ ಬರಗಾಲ ಇಲ್ಲ. ರಾತ್ರಿ ಬಸ್ಸಿಗೆ ಕಾಯ್ತಾ ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಯಾವ ಹೋಟೆಲಿನ ದೋಸೆ ಗರಿಗರಿ, ಎಲ್ಲಿ ಕಾಫಿ ಬರೀ ನೀರು, ಎಲ್ಲಿ ದುಡ್ಡು ಜಾಸ್ತಿ ರುಚಿ ಕಡಿಮೆ ಅಂತ ಪೂರ್ತಿ ಪಟ್ಟಿ ಸಿಗುತ್ತದೆ. ಆ ಪಟ್ಟಿಯಲ್ಲಿ ಲಾಲ್‌ಬಾಗ್ ಹತ್ತಿರದ ಎಂ.ಟಿ.ಆರ್. ಇಲ್ಲದೆ ಇರುವುದು ಅಪರೂಪ. ರವೆ ಇಡ್ಲಿ ತಿನ್ನದೆ ಬರಬೇಡಿ ಅಂತ ಹೇಳುವವರಲ್ಲಿ ಎಷ್ಟೋ ಮಂದಿಗೆ ಆ ಹೋಟೆಲಿನ ಬೇರು ಇಲ್ಲೇ, ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿಯಲ್ಲಿದೆ ಎಂಬುದು ಗೊತ್ತಿಲ್ಲ.

ಈಗ ಪಾರಂಪಳ್ಳಿ ಅಂದರೆ ಹುಡುಗರಿಗೆ ನೆನಪಾಗುವುದು ಹಿನ್ನೀರಿನ ಕಯಾಕಿಂಗ್, ಪಡುಕೆರೆಯ ಸಮುದ್ರ. ರಜೆ ಬಂತೆಂದರೆ ಹೊರಗಿನ ಕಾರುಗಳು ಸಾಲು ಸಾಲು. ಆದರೆ ನೂರು ವರ್ಷದ ಹಿಂದೆ ಈ ಊರಿಗೆ ಬರುವವರಿಗಿಂತ ಇಲ್ಲಿಂದ ಹೋಗುವವರೇ ಹೆಚ್ಚು. ಹಾಗೆ ಹೋದವರಲ್ಲಿ ಮಯ್ಯ ಮನೆತನದ ಮೂವರು ಅಣ್ಣತಮ್ಮಂದಿರೂ ಇದ್ದರು. ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ ಮತ್ತು ಯಜ್ಞನಾರಾಯಣ ಮಯ್ಯ. ಮುಂದೆ ಹೋಟೆಲಿಗೆ ದೊಡ್ಡ ಹೆಸರು ತಂದುಕೊಟ್ಟವರು ಯಜ್ಞನಾರಾಯಣ ಮಯ್ಯರು. ಗುರುತಿನವರ ಬಾಯಲ್ಲಿ ಅವರು ಯಜ್ಞಪ್ಪ, ಯಜ್ಞಣ್ಣ.

ಘಟ್ಟ ಹತ್ತಿದ ಅಣ್ಣತಮ್ಮಂದಿರು

1920ರ ಆಸುಪಾಸಿನಲ್ಲಿ ಬೆಂಗಳೂರು ಎಂದರೆ ಈಗಿನ ಹಾಗೆ ರಾತ್ರಿ ಮಲಗಿ ಬೆಳಿಗ್ಗೆ ಇಳಿಯುವ ಊರಲ್ಲ. ಬ್ರಹ್ಮಾವರ ತಾಲೂಕು ಹಾಗಿರಲಿ, ಉಡುಪಿ ಜಿಲ್ಲೆಯೇ ಇರಲಿಲ್ಲ. ನಮ್ಮ ಕಡೆಯೆಲ್ಲ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಬೆಂಗಳೂರು ಮೈಸೂರು ಮಹಾರಾಜರ ಸಂಸ್ಥಾನದ್ದು. ಭಾಷೆ ಒಂದೇ ಆದರೂ ಸರ್ಕಾರ ಬೇರೆ. ಘಟ್ಟ ಹತ್ತುವುದೆಂದರೆ ಒಂದು ರೀತಿಯಲ್ಲಿ ಪರದೇಶಕ್ಕೆ ಹೋದ ಹಾಗೆ.

ಊರಲ್ಲಿ ಇದ್ದರೆ ಗದ್ದೆ, ತೆಂಗು, ಪೂಜೆ, ಮದುವೆ ಮುಂಜಿಯ ಅಡುಗೆ. ಮನೆ ತುಂಬಾ ಮಕ್ಕಳು, ಕೈಯಲ್ಲಿ ಕಾಸು ಕಡಿಮೆ. ಕರಾವಳಿಯ ಬ್ರಾಹ್ಮಣ ಮನೆಗಳ ಹುಡುಗರಿಗೆ ಗೊತ್ತಿದ್ದ, ಹೊರಗೆ ಬೆಲೆ ಇದ್ದ ಕಸುಬು ಒಂದೇ, ಅಡುಗೆ. ಆ ಸೌಟು ಹಿಡಿದೇ ಇಲ್ಲಿಯವರು ಊರೂರು ಸೇರಿದರು. ಕಡಂದಲೆಯ ಕೃಷ್ಣ ರಾಯರು ಮದ್ರಾಸಿಗೆ ಹೋಗಿ ವುಡ್‌ಲ್ಯಾಂಡ್ಸ್ ಕಟ್ಟಿದರು. ರಾಮ ನಾಯಕರು ಮುಂಬಯಿಯ ಮಾಟುಂಗದಲ್ಲಿ ಹೆಸರು ಮಾಡಿದರು. ಪಾರಂಪಳ್ಳಿಯ ಮಯ್ಯರು ಹಿಡಿದದ್ದು ಬೆಂಗಳೂರಿನ ದಾರಿ.

ಹೋದ ಕೂಡಲೇ ಹೋಟೆಲ್ ಹಾಕಿದವರಲ್ಲ. ಮೊದಲು ಸಿಕ್ಕಿದ್ದು ದೊಡ್ಡವರ ಮನೆಗಳಲ್ಲಿ ಅಡುಗೆ ಕೆಲಸ. ಹಾಗೆ ಕೆಲಸ ಮಾಡುತ್ತಿದ್ದ ಮನೆಯ ಯಜಮಾನರ ಸಹಾಯದಿಂದಲೇ 1924ರಲ್ಲಿ ಪರಮೇಶ್ವರ ಮಯ್ಯ ಮತ್ತು ಗಣಪ್ಪಯ್ಯ ಮಯ್ಯ ಸೇರಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲ್ ಶುರು ಮಾಡಿದರು. ಸಿಗುತ್ತಿದ್ದದ್ದು ಕಾಫಿ ಮತ್ತು ಇಡ್ಲಿ. ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್.

ಹೋಟೆಲ್ ನೆಲೆ ನಿಲ್ಲುವ ಹೊತ್ತಿಗೆ ಪರಮೇಶ್ವರ ಮಯ್ಯ ತೀರಿಕೊಂಡರು. ಅಂಗಡಿ ತೆರೆದು ಇನ್ನೂ ಐದು ವರ್ಷ ಆಗಿತ್ತಷ್ಟೆ. ಅಣ್ಣ ಹೋದ ಜಾಗಕ್ಕೆ ಯಜ್ಞನಾರಾಯಣ ಮಯ್ಯ ಬಂದು ಗಣಪ್ಪಯ್ಯನವರ ಜೊತೆ ನಿಂತರು. ಬರಬರುತ್ತಾ ಹೋಟೆಲಿನ ಪೂರ್ತಿ ಜವಾಬ್ದಾರಿ ಅವರ ಹೆಗಲಿಗೇ ಬಿತ್ತು.

ಆ ಹೆಸರಿನ ಅರ್ಥ ಎಂತ?

ಈಗ ಓದಿದರೆ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರು ಕಿವಿಗೆ ಚುಚ್ಚುತ್ತದೆ. ಆಗ ಅದು ಮಾಮೂಲು. ಅಂಥ ಬೋರ್ಡುಗಳು ಊರೂರಲ್ಲಿ ಇದ್ದವು. ಹೊರಗೆ ತಿನ್ನುವುದೇ ತಪ್ಪು ಎಂದುಕೊಂಡ ಕಾಲದಲ್ಲಿ, ಇಲ್ಲಿ ಅಡುಗೆ ಮಾಡುವವರು ಯಾರು ಎಂದು ಬೋರ್ಡೇ ಹೇಳಬೇಕಿತ್ತು. ಒಳಗೆ ಶುದ್ಧ ಉಂಟು ಎನ್ನುವುದಕ್ಕೆ ಜಾತಿಯೇ ಸರ್ಟಿಫಿಕೇಟು.

ಆದರೆ ಅಂಥ ಬೋರ್ಡಿಗೆ ಇನ್ನೊಂದು ಮುಖವೂ ಇತ್ತು. ಒಳಗೆ ಬರಬಹುದಾದವರು ಯಾರು, ಹೊರಗೆ ನಿಲ್ಲಬೇಕಾದವರು ಯಾರು ಎಂಬುದನ್ನೂ ಅದು ಬಾಯಿ ಬಿಡದೆ ಹೇಳುತ್ತಿತ್ತು. ನಮ್ಮ ಕರಾವಳಿಯಲ್ಲೇ ಕೆಲವರಿಗೆ ಅಂಗಡಿಯ ಹೊರಗೆ ಗೆರಟೆಯಲ್ಲಿ ಚಾ ಕೊಡುತ್ತಿದ್ದ ಕಾಲ ಅದು. ಉಡುಪಿ ಹೋಟೆಲುಗಳ ಹೆಮ್ಮೆಯ ಕಥೆ ಹೇಳುವಾಗ ಇದನ್ನು ನುಂಗಿಕೊಂಡು ಹೇಳುವುದು ಸರಿಯಲ್ಲ.

ಮತ್ತೊಂದು ಸಂಗತಿ. ಆ ಶುದ್ಧವನ್ನು ಯಾರೂ ಕಣ್ಣಾರೆ ನೋಡುವ ಹಾಗಿರಲಿಲ್ಲ. ಮಡಿಯ ಮನೆಯಲ್ಲಿ ಅಡುಗೆಕೋಣೆಗೆ ಹೊರಗಿನವರು ಕಾಲಿಡುವಂತಿಲ್ಲ. ಹೋಟೆಲಿನಲ್ಲೂ ಗಿರಾಕಿ ಕೂರುವುದು ಮುಂದೆ, ಬೇಯುವುದು ಹಿಂದೆ, ನಡುವೆ ಗೋಡೆ. ನಂಬಬೇಕು, ತಿನ್ನಬೇಕು, ಅಷ್ಟೆ. ಯಜ್ಞನಾರಾಯಣ ಮಯ್ಯರು ಮುಂದೆ ಮಾಡಿದ ಕೆಲಸದ ತೂಕ ಗೊತ್ತಾಗಬೇಕಾದರೆ ಈ ಗೋಡೆ ನೆನಪಿರಬೇಕು.

ಯುದ್ಧ, ಅಕ್ಕಿ ಮತ್ತು ರವೆ ಇಡ್ಲಿ

ಎರಡನೇ ಮಹಾಯುದ್ಧ ಬಂತು. 1942ರಲ್ಲಿ ಜಪಾನಿನ ಸೈನ್ಯ ಬರ್ಮಾವನ್ನು ಹಿಡಿಯಿತು. ದಕ್ಷಿಣ ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ ಬರ್ಮಾ ಅಕ್ಕಿ ನಿಂತುಹೋಯಿತು. ಅಕ್ಕಿಗೆ ಪರದಾಟ ಶುರುವಾಯಿತು. ಉಣ್ಣುವ ಅನ್ನಕ್ಕೇ ತತ್ವಾರ ಇರುವಾಗ ಇಡ್ಲಿಗೆ ಅಕ್ಕಿ ನೆನೆಸುವುದು ಎಲ್ಲಿಂದ? ಇಡ್ಲಿ ಕಾಫಿಯನ್ನೇ ನಂಬಿದ ಹೋಟೆಲಿಗೆ ಇದು ಸಣ್ಣ ಪೆಟ್ಟಲ್ಲ.

ಆಗ ಅಕ್ಕಿಯ ಬದಲು ಗೋಧಿ ರವೆ ಹಾಕಿ ನೋಡಿದ್ದರಿಂದ ರವೆ ಇಡ್ಲಿ ಹುಟ್ಟಿತು ಎಂದು ಎಂ.ಟಿ.ಆರ್. ಇವತ್ತಿಗೂ ಹೇಳಿಕೊಂಡು ಬಂದಿದೆ. ರವೆ ಹುರಿದು, ಸಾಸಿವೆ, ಗೋಡಂಬಿ ಒಗ್ಗರಣೆ ಕೊಟ್ಟು, ಮೊಸರಿನಲ್ಲಿ ಕಲಸಿ, ಸೋಡಾ ಹಾಕಿ ಹಬೆಯಲ್ಲಿ ಬೇಯಿಸುವುದು. ರುಬ್ಬುವುದು ಬೇಡ, ರಾತ್ರಿ ಹುಳಿ ಬರಿಸುವುದೂ ಬೇಡ. ಪಕ್ಕದಲ್ಲಿ ಆಲೂಗಡ್ಡೆ ಸಾಗು, ಚಟ್ನಿ, ಮೇಲಿಂದ ತುಪ್ಪ. ಕಷ್ಟಕಾಲಕ್ಕೆ ಮಾಡಿದ ತಿಂಡಿ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. ಈಗ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿ ಬದಿಯ ಹೋಟೆಲುಗಳಲ್ಲೂ ರವೆ ಇಡ್ಲಿ ಸಿಗುತ್ತದೆ. ಬೆಂಗಳೂರಿನಿಂದ ತಿರುಗಿ ಊರಿಗೆ ಬಂದ ತಿಂಡಿ ಅದು.

1951ರ ಯುರೋಪು ಪ್ರಯಾಣ

ಹೋಟೆಲ್ ಚೆನ್ನಾಗಿ ನಡೆಯುತ್ತಿತ್ತು. ಗಲ್ಲಾ ಮೇಲೆ ಕುಳಿತು ಎಣಿಸಿದ್ದರೂ ಆಗುತ್ತಿತ್ತು. ಆದರೆ 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೊರಟರು. ಹೋದದ್ದು ಅಲ್ಲಿಯ ಹೋಟೆಲುಗಳು ಹೇಗೆ ನಡೆಯುತ್ತವೆ ಎಂದು ತಿಳಿಯಲು. ಪಾರಂಪಳ್ಳಿಯ ಮನೆಯಿಂದ ಬಂದ ಅಡುಗೆಯವರೊಬ್ಬರು ಕಸುಬು ಕಲಿಯಲು ಸಮುದ್ರ ದಾಟಿದ್ದು ಆ ಕಾಲಕ್ಕೆ ದೊಡ್ಡ ಮಾತು.

ಅಲ್ಲಿ ಅವರ ಮನಸ್ಸಿಗೆ ನಾಟಿದ್ದು ಸ್ವಚ್ಛತೆ ಮತ್ತು ಶಿಸ್ತು. ಇಲ್ಲಿ ಹೋಟೆಲ್ ನಡೆಸಿದವರಿಗೆಲ್ಲ ಗೊತ್ತಿರುವ ವಿಷಯ, ಅಡುಗೆ ಎಷ್ಟು ಒಳ್ಳೆಯದಿದ್ದರೂ ಸೋಲುವುದು ಲೋಟದಲ್ಲಿ. ಒಂದೇ ಬಕೆಟಿನ ನೀರಿನಲ್ಲಿ ಹತ್ತು ಜನ ಕುಡಿದ ಲೋಟ ಅದ್ದಿ ತೆಗೆದರೆ ಯಾವ ಮಡಿಯೂ ಕಾಯುವುದಿಲ್ಲ. ಮಯ್ಯರು ಬೆಂಗಳೂರಿಗೆ ಬಂದವರೇ ಪಾತ್ರೆ, ತಟ್ಟೆ, ಲೋಟ, ಚಮಚಗಳನ್ನು ಹಬೆಯಲ್ಲಿ ಕಾಯಿಸಿ ಶುದ್ಧ ಮಾಡುವ ವ್ಯವಸ್ಥೆ ತಂದರು. ಇಡ್ಲಿ ಬೇಯಿಸುವ ಹಬೆ ಈಗ ಲೋಟಕ್ಕೂ ಬಂತು.

ಅಷ್ಟಕ್ಕೇ ನಿಲ್ಲಲಿಲ್ಲ. ಆರೋಗ್ಯಕ್ಕೆ ಒಳ್ಳೆಯ ಊಟ ಯಾವುದು, ಒಳ್ಳೆಯ ಅಭ್ಯಾಸ ಯಾವುದು ಎಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚಿದರು. ತಿನ್ನಲು ಬಂದವರ ಕೈಗೆ ಬುದ್ಧಿಮಾತು ಕೊಡುವುದೆಂದರೆ ಸ್ವಲ್ಪ ಧೈರ್ಯ ಬೇಕು ಮಾರ್ರೆ. ಗಿರಾಕಿ ಸಿಟ್ಟಾದರೆ ಪಕ್ಕದ ಹೋಟೆಲ್ ಉಂಟಲ್ಲ. ಆದರೆ ಗಿರಾಕಿಗಳು ಬಿಟ್ಟು ಹೋಗಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಅಡುಗೆಮನೆಯ ವಿಷಯ. ಗಿರಾಕಿ ಅಡುಗೆಮನೆ ನೋಡಿಕೊಂಡೇ ಊಟದ ಹಾಲಿಗೆ ಹೋಗುವಂಥ ಏರ್ಪಾಡು ಎಂ.ಟಿ.ಆರ್.ನ ಗುರುತಾಯಿತು. ಹಿಟ್ಟು ಕಲಸುವವರು, ಕಾವಲಿ ಮುಂದೆ ನಿಂತವರು, ತೊಳೆದಿಟ್ಟ ಪಾತ್ರೆ ಎಲ್ಲವೂ ಕಣ್ಣಿಗೆ ಬೀಳಬೇಕು. ಹೊರಗಿನವರಿಗೆ ಬಾಗಿಲು ಹಾಕಿಕೊಂಡಿದ್ದ ಮಡಿ ಅಡುಗೆಕೋಣೆಯಿಂದ ಬಂದವರು, ಬಂದವರೆಲ್ಲ ನೋಡಿ ಹೋಗಬಹುದಾದ ಅಡುಗೆಮನೆಗೆ ತಲುಪಿದರು. ಬೆಂಗಳೂರಿಗೆ ಬಂದ ದಾರಿಗಿಂತ ಇದು ಉದ್ದದ ದಾರಿ.

1960ರಲ್ಲಿ ಹಳೇ ಬೋರ್ಡು ಇಳಿಯಿತು. ಬ್ರಾಹ್ಮಿನ್ ಕಾಫಿ ಕ್ಲಬ್ ಹೋಗಿ, ಹೋಟೆಲ್ ಇದ್ದ ಬಡಾವಣೆಯ ಹೆಸರಿನಲ್ಲಿ ಮಾವಳ್ಳಿ ಟಿಫಿನ್ ರೂಂ ಬಂತು. ಅದೇ ಎಂ.ಟಿ.ಆರ್. ಶುದ್ಧಕ್ಕೆ ಸಾಕ್ಷಿ ಹೇಳಲು ಅಷ್ಟೊತ್ತಿಗೆ ಜಾತಿಯ ಹೆಸರು ಬೇಕಾಗಿರಲಿಲ್ಲ. ಹಬೆಯಾಡುವ ಲೋಟ ಮತ್ತು ತೆರೆದ ಬಾಗಿಲು ಸಾಕಾಗಿತ್ತು.

ಫ್ರೆಂಚ್ ಸ್ವೀಟ್ ಚಂದ್ರಹಾರ ಆದದ್ದು

ಮಯ್ಯರು ಬರೀ ಶಿಸ್ತಿನ ಮನುಷ್ಯರಲ್ಲ, ವ್ಯಾಪಾರದ ನಾಡಿಯೂ ಗೊತ್ತಿತ್ತು. ಅದಕ್ಕೆ ಚಂದ್ರಹಾರವೇ ಉದಾಹರಣೆ. ಪದರ ಪದರವಾಗಿ ಮಡಿಸಿ ಕರಿದು, ಮೇಲೆ ಖೋವಾದ ಗಟ್ಟಿ ಸಿಹಿ ಹಾಲು ಹೊಯ್ದು ಕೊಡುವ ಸಿಹಿತಿಂಡಿ ಅದು. ಮೊದಲು ಅದಕ್ಕೆ ಫ್ರೆಂಚ್ ಸ್ವೀಟ್ ಎಂದು ಹೆಸರಿಟ್ಟಿದ್ದರಂತೆ. ಜನ ತಿರುಗಿ ನೋಡಲಿಲ್ಲ. ಆಗ ಓಡುತ್ತಿದ್ದ ಒಂದು ಸಿನಿಮಾದ ಹೆಸರನ್ನೇ ತಂದು ಇಟ್ಟ ಮೇಲೆ ಜನ ಕೇಳಿ ಕೇಳಿ ತಿನ್ನಲು ಶುರು ಮಾಡಿದರು ಎಂಬುದು ಹೋಟೆಲಿನ ಜೊತೆಗೇ ಬೆಳೆದು ಬಂದ ಕಥೆ. ತಿಂಡಿ ಅದೇ, ತಟ್ಟೆ ಅದೇ, ಹೆಸರು ಮಾತ್ರ ನಮ್ಮದಾಯಿತು. ಅಂಗಡಿ ಇಟ್ಟವರಿಗೆ ಇದರಲ್ಲಿ ಒಂದು ಪಾಠ ಉಂಟು.

ಮಯ್ಯರ ನಂತರ

ಯಜ್ಞನಾರಾಯಣ ಮಯ್ಯರು 1968ರಲ್ಲಿ ತೀರಿಕೊಂಡರು. ಹೋಟೆಲಿನ ಹೊಣೆ ಅಣ್ಣನ ಮಗ ಹರಿಶ್ಚಂದ್ರ ಮಯ್ಯರಿಗೆ ಬಂತು. ಅವರು ಕಲಿಸಿದ್ದು ಎಷ್ಟು ಗಟ್ಟಿ ಎಂಬ ಪರೀಕ್ಷೆ ಬಂದದ್ದು ಆಮೇಲೆ.

1975ರಲ್ಲಿ ತುರ್ತು ಪರಿಸ್ಥಿತಿ. ಹೋಟೆಲ್ ತಿಂಡಿಯನ್ನು ತೀರಾ ಕಡಿಮೆ ದರಕ್ಕೆ ಮಾರಬೇಕೆಂಬ ಕಟ್ಟುಪಾಡು ಬಂತು. ಒಳ್ಳೆಯ ತುಪ್ಪ, ಒಳ್ಳೆಯ ಕಾಫಿಪುಡಿ ಹಾಕಿ ಆ ದರಕ್ಕೆ ಕೊಟ್ಟರೆ ನಷ್ಟ. ತುಪ್ಪ ತೆಗೆದು ಬೇರೆ ಎಂತಾದರೂ ಸುರಿದರೆ ಹೋಟೆಲ್ ಉಳಿಯುತ್ತದೆ, ಹೆಸರು ಹೋಗುತ್ತದೆ. ಮನೆಯವರು ಗುಣಮಟ್ಟ ಇಳಿಸಲು ಒಪ್ಪಲಿಲ್ಲ. ಅದರ ಬದಲು ಪುಡಿ, ಮಿಕ್ಸ್‌ಗಳನ್ನು ಪ್ಯಾಕೆಟ್ ಮಾಡಿ ಮಾರುವ ದಾರಿ ಹಿಡಿದರು. ಯಜ್ಞನಾರಾಯಣ ಮಯ್ಯರ ಮಗ ಸದಾನಂದ ಮಯ್ಯರು ಅದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದರು. ಇವತ್ತು ಕೋಟದ ದಿನಸಿ ಅಂಗಡಿಯಲ್ಲಿ ನೇತಾಡುವ ಎಂ.ಟಿ.ಆರ್. ಪ್ಯಾಕೆಟ್‌ನ ಮೂಲ ಅದೇ. 2007ರಲ್ಲಿ ಆ ಪ್ಯಾಕೆಟ್ ಕಂಪನಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯ ಕೈಗೆ ಹೋಯಿತು. ಹೋಟೆಲ್ ಮಾತ್ರ ಮಯ್ಯರ ಕುಟುಂಬದಲ್ಲೇ ಉಳಿಯಿತು, ಸಿಂಗಾಪುರ, ದುಬೈ, ಲಂಡನ್ನಿನವರೆಗೂ ಹೋಯಿತು. ಬರ್ಮಾದ ಅಕ್ಕಿ ಬಾರದೆ ಹುಟ್ಟಿದ ಇಡ್ಲಿ ಈಗ ಸಿಂಗಾಪುರದಲ್ಲಿ ಬೇಯುತ್ತದೆ.

ನಮ್ಮೂರಿಗೆ ಉಳಿದದ್ದು

ಈಗ ಹೆದ್ದಾರಿ ಅಗಲವಾದ ಮೇಲೆ ಶಿರೂರಿನಿಂದ ಬ್ರಹ್ಮಾವರದವರೆಗೆ ಹೋಟೆಲುಗಳು ಒಂದರ ಹಿಂದೆ ಒಂದು. ಗೋಳಿಬಜೆ, ಬನ್ಸ್ ಕೊಡುವ ಹಳೇ ಹೋಟೆಲು, ಕೋಳಿ ಸುಕ್ಕ ನೀರ್ ದೋಸೆಗೆ ಜನ ಕಾಯುವ ಹೋಟೆಲು, ಸಂಜೆಗೆ ಗೋಬಿ ಮಂಚೂರಿ, ನೂಡಲ್ಸ್ ಗಾಡಿ. ಯಾವುದು ಒಳ್ಳೆಯದು, ಯಾವುದು ಬೇಡ ಎಂದು ಹೇಳುವವರೂ ಮನೆಗೊಬ್ಬರು. ಮೊಬೈಲಿನಲ್ಲಿ ನಕ್ಷತ್ರ ಒತ್ತುವುದು ಸುಲಭ. ಆದರೆ ಹೇಳುವವರು ಹೆಚ್ಚಾಗಿ ಹೇಳುವುದು ರುಚಿ, ದರ, ಎ.ಸಿ. ಉಂಟೋ ಇಲ್ಲವೋ. ಲೋಟ ಹೇಗೆ ತೊಳೆಯುತ್ತಾರೆ, ಎಣ್ಣೆ ಎಷ್ಟು ಸಲ ಕಾಯಿಸುತ್ತಾರೆ, ಹಿಂದಿನ ಬಾಗಿಲಲ್ಲಿ ಎಂತ ಕಾಣುತ್ತದೆ ಎಂದು ಕೇಳುವವರು ಕಡಿಮೆ.

ಯಜ್ಞನಾರಾಯಣ ಮಯ್ಯರ ಬದುಕು ಎರಡೂ ಕಡೆಯವರಿಗೆ ಕೆಲಸ ಕೊಡುತ್ತದೆ. ಹೋಟೆಲಿನವರಿಗೆ ಖರ್ಚಿಲ್ಲದ ಜಾಹೀರಾತು ಯಾವುದೆಂದರೆ ತೆರೆದಿಟ್ಟ ಅಡುಗೆಮನೆ. ಸಣ್ಣ ಗೂಡಂಗಡಿಗೂ ಇದು ಆಗದ ಕೆಲಸವಲ್ಲ, ಲೋಟಕ್ಕೆ ಕುದಿಯುವ ನೀರು ಹೊಯ್ಯಲು ಯುರೋಪಿಗೆ ಹೋಗಬೇಕೆಂದಿಲ್ಲ. ತಿನ್ನುವವರಿಗೆ, ಒಳ್ಳೆಯ ಹೋಟೆಲ್ ಎಂದು ನಾಲ್ಕು ಜನಕ್ಕೆ ಹೇಳುವ ಮೊದಲು ಒಮ್ಮೆ ಒಳಗೆ ಇಣುಕಿ ನೋಡುವ ಹಕ್ಕು ಉಂಟು.

ಮುಂದಿನ ಸಲ ಪಾರಂಪಳ್ಳಿಯ ಹಿನ್ನೀರಿಗೆ ದೋಣಿ ಬಿಡಲು ಬರುವ ಬೆಂಗಳೂರಿನವರು ಇಲ್ಲಿ ಒಳ್ಳೆ ತಿಂಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ದಾರಿ ತೋರಿಸಿ. ಜೊತೆಗೆ, ಅವರೂರಿನ ಎಂ.ಟಿ.ಆರ್. ಕಟ್ಟಿದವರು ಇದೇ ಊರಿನವರು ಎಂಬುದನ್ನೂ ಹೇಳಿ ಕಳಿಸಿ.