ತಿಲಕರನ್ನು ತೂಗಿದ ಜ್ಯೂರಿ

ಲೋಕಮಾನ್ಯ ಬಾಲಗಂಗಾಧರ ತಿಲಕರು 1856ರಲ್ಲಿ ರತ್ನಾಗಿರಿಯಲ್ಲಿ ಜನಿಸಿದರು. ಅವರು ಸಾರ್ವಜನಿಕವಾಗಿ ಬೆಳೆಸಿದ ಗಣೇಶೋತ್ಸವ ಎಲ್ಲರಿಗೂ ಗೊತ್ತು. ಅವರನ್ನು ಸೆರೆಮನೆಗೆ ಕಳಿಸಿದ ಜ್ಯೂರಿಗಳ ಸಂಗತಿ ಅಷ್ಟಾಗಿ ಗೊತ್ತಿಲ್ಲ.

ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಆರಿಸಿ ಕೂರಿಸಿದ ನಾಗರಿಕರೇ ಜ್ಯೂರಿ. 1897ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ರಾಜದ್ರೋಹದ ಮೊಕದ್ದಮೆ ನಡೆದಾಗ ಜ್ಯೂರಿಯಲ್ಲಿ ಆರು ಯುರೋಪಿಯನ್ನರು, ಮೂವರು ಭಾರತೀಯರು. ತೀರ್ಪು ಬಂದದ್ದೂ ಆರಕ್ಕೆ ಮೂರು. 18 ತಿಂಗಳ ಶಿಕ್ಷೆ.

1908ರಲ್ಲಿ ಮತ್ತೆ ಅದೇ ಆರೋಪ. ಸರ್ಕಾರ ವಿಶೇಷ ಜ್ಯೂರಿ ಬೇಕೆಂದಿತು. ತಿಲಕರ ಕಡೆಯವರು ತಕರಾರು ತೆಗೆದರು: ‘ಕೇಸರಿ’ಯ ಲೇಖನಗಳು ಮರಾಠಿಯಲ್ಲಿವೆ, ಮರಾಠಿ ಬಾರದ ಯುರೋಪಿಯನ್ನರೇ ತುಂಬಿದ ಜ್ಯೂರಿ ಅವನ್ನು ತೂಗುವುದು ಹೇಗೆ? ಕೋರ್ಟು ಒಪ್ಪಲಿಲ್ಲ. ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು ಕುಳಿತರು. ನ್ಯಾಯಾಧೀಶರು ದಾವರ್. 1897ರಲ್ಲಿ ತಿಲಕರಿಗೆ ಜಾಮೀನು ಕೊಡಿಸಿದ ವಕೀಲರು ಇವರೇ! ತಿಲಕರು ತಾವೇ ನಿಂತು ದಿನಗಟ್ಟಲೆ ವಾದಿಸಿದರು. ಭಾಷಾಂತರದ ತಪ್ಪುಗಳನ್ನು ಎತ್ತಿ ತೋರಿಸಿದರು. ಏಳು ಮಂದಿ ಅಪರಾಧಿ ಎಂದರು, ಇಬ್ಬರು ಅಲ್ಲವೆಂದರು. ಆರು ವರ್ಷ ಗಡೀಪಾರು.

ಮುಂಬಯಿಯ ಗಿರಣಿ ಕಾರ್ಮಿಕರು ಆರು ದಿನ ಮುಷ್ಕರ ಹೂಡಿದರು. ಮಂಡಾಲೆಯ ಸೆರೆಯಲ್ಲಿ ತಿಲಕರು ಬರೆದ ‘ಗೀತಾರಹಸ್ಯ’ವನ್ನು ನಮ್ಮ ಆಲೂರು ವೆಂಕಟರಾಯರು ಕನ್ನಡಕ್ಕೆ ತಂದರು. 1914ರಲ್ಲಿ ಬಿಡುಗಡೆಯಾದ ತಿಲಕರು 1920ರ ಆಗಸ್ಟ್ 1ರಂದು ಮುಂಬಯಿಯಲ್ಲಿ ತೀರಿಕೊಂಡರು.