ಕಬ್ಬಿಣದ ಕೈಯ ಸರದಾರ

ಗೋಟ್ಸ್ ಫಾನ್ ಬರ್ಲಿಖಿಂಗೆನ್ ಎಂಬ ಜರ್ಮನ್ ಸರದಾರನನ್ನು ನಾನು ಮೊದಲು ಅರಿತುದು ಮಹಾಕವಿ ಗಯಟೆಯ ಮೂಲಕ. 1773ರಲ್ಲಿ ಪ್ರಕಟವಾದ ಆ ನಾಟಕದಲ್ಲಿ ಈತ ಸ್ವಾತಂತ್ರ್ಯವೀರ, ಸೆರೆಯಲ್ಲಿಯೇ ಪ್ರಾಣಬಿಡುತ್ತಾನೆ. ಇತಿಹಾಸದ ಗೋಟ್ಸ್ ಬೇರೆ.

ಈತ ಸುಮಾರು 1480ರಲ್ಲಿ ಯಾಕ್ಸ್ಟ್ ನದಿಯ ದಂಡೆಯ ಸಣ್ಣ ಪಾಳೆಯಗಾರ ಮನೆತನವೊಂದರಲ್ಲಿ ಹುಟ್ಟಿದನು. 1504ರಲ್ಲಿ ಲಾಂಡ್ಸ್‌ಹೂಟ್ ನಗರದ ಮುಂದೆ ನಡೆದ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಬಲಗೈ ಹೋಯಿತು. ಹರೆಯದ ಯೋಧನಿಗೆ ಬದುಕೇ ಮುಗಿದಂತೆ! ಆದರೆ ಗೋಟ್ಸ್ ಕಬ್ಬಿಣದ ಕೈ ಮಾಡಿಸಿಕೊಂಡನು. ಅದರ ಬೆರಳುಗಳನ್ನು ಎಡಗೈಯಿಂದ ಮಡಚಿದರೆ ಒಳಗಿನ ಸ್ಪ್ರಿಂಗುಗಳು ಬಿಗಿಹಿಡಿಯುತ್ತಿದ್ದುವು. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತಿದ್ದುವು. ಯಾಕ್ಸ್ಟ್‌ಹೌಸನ್ ಕೋಟೆಯಲ್ಲಿ ಅದನ್ನು ಇಂದಿಗೂ ಕಾಣಬಹುದು.

ಖಾಸಗಿ ಕಾಳಗಗಳನ್ನು ಸಾಮ್ರಾಜ್ಯವು 1495ರಲ್ಲಿಯೇ ನಿಷೇಧಿಸಿತ್ತು. ಗೋಟ್ಸ್ ಕೇಳಬೇಕಲ್ಲ! 1512ರಲ್ಲಿ ನ್ಯೂರೆಂಬರ್ಗಿನ ವರ್ತಕರನ್ನು ದೋಚಿ ಬಹಿಷ್ಕೃತನಾದನು. ಇದನ್ನು ಶೌರ್ಯವೆನ್ನುವವರು ಎನ್ನಲಿ. ನನಗೆ ದರೋಡೆಯೆಂದೇ ತೋರುತ್ತದೆ.

ನನ್ನ ಮನಸ್ಸು ನಿಂತುದು 1525ರಲ್ಲಿ. ಜೀತ ಹೋಗಬೇಕು, ಕಾಡಿನ ಸೌದೆ, ಹೊಳೆಯ ಮೀನು ತಮಗೂ ಸಲ್ಲಬೇಕು ಎಂದು ರೈತರು ದಂಗೆಯೆದ್ದರು. ಓಡನ್‌ವಾಲ್ಡ್ ಪ್ರದೇಶದ ರೈತದಂಡು ಯುದ್ಧ ಬಲ್ಲವನೊಬ್ಬ ಬೇಕೆಂದು ಗೋಟ್ಸ್‌ನನ್ನು ನಾಯಕನನ್ನಾಗಿ ಮಾಡಿಕೊಂಡಿತು. ತನ್ನನ್ನು ಬಲಾತ್ಕರಿಸಿದರೆಂದು ಆತ ಕೊನೆಯವರೆಗೂ ಸಾಧಿಸಿದನು. ಸುಮಾರು ಒಂದು ತಿಂಗಳು ಮುಂದಾಳಾಗಿದ್ದು, ವ್ಯೂರ್ಟ್ಸ್‌ಬರ್ಗಿನ ಕೋಟೆ ಕೈಗೆ ಬಾರದಿರಲು, ಮೇ ತಿಂಗಳ ಕೊನೆಯಲ್ಲಿ ದಂಡನ್ನು ಬಿಟ್ಟುಹೋದನು. ಜೂನ್ 2ರಂದು ಕ್ಯೋನಿಗ್ಸ್‌ಹೋಫೆನ್ ಬಳಿ ರೈತರು ಸಾವಿರಗಟ್ಟಲೆ ಹತರಾದರು.

ಗೇಣಿದಾರನ ಮೊಮ್ಮಗನಾದ ನಾನು ಈ ಪುಟವನ್ನು ಎರಡು ಮೂರು ಸಲ ಓದಿದೆನು. ಗೋಟ್ಸ್ ಉಳಿದಿದ್ದರೂ ಅವರು ಗೆಲ್ಲುತ್ತಿರಲಿಲ್ಲವೆಂದು ನನ್ನ ಬುದ್ಧಿ ಹೇಳುತ್ತದೆ. ಆದರೂ ಕಬ್ಬಿಣದ ಕೈಯ ಮೇಲಿದ್ದ ನನ್ನ ಮೆಚ್ಚುಗೆ ಮೊದಲಿನಂತೆ ಉಳಿಯಲಿಲ್ಲ.

ಶಿಕ್ಷೆ ಆತನಿಗೂ ತಪ್ಪಲಿಲ್ಲ. 1528ರಲ್ಲಿ ಔಗ್ಸ್‌ಬರ್ಗಿನಲ್ಲಿ ಸೆರೆಯಾಗಿ, 1530ರಲ್ಲಿ ಬಿಡುಗಡೆ ಹೊಂದಿದನು. ಆದರೆ ತನ್ನ ಹಾರ್ನ್‌ಬರ್ಗ್ ಸೀಮೆಯನ್ನು ದಾಟೆನೆಂದು ಆಣೆಯಿಡಬೇಕಾಯಿತು. ಹತ್ತು ವರ್ಷ ಕಳೆದ ಮೇಲೆ ಚಕ್ರವರ್ತಿ ಐದನೆಯ ಚಾರ್ಲ್ಸ್ ಆ ಕಟ್ಟನ್ನು ಸಡಿಲಿಸಿದನು. ಆರವತ್ತು ದಾಟಿದ ಮುದುಕ 1542ರಲ್ಲಿ ತುರ್ಕರ ಮೇಲೆ ದಂಡೆತ್ತಿ ಹೋದನು! ಕಡೆಗಾಲದಲ್ಲಿ ಆತ್ಮಕಥೆಯನ್ನು ರಚಿಸಿದನು. ಅದು ಅಚ್ಚಾದುದು 1731ರಲ್ಲಿ. ಗಯಟೆಗೆ ವಸ್ತುವಾದುದು ಆ ಗ್ರಂಥವೇ.

ಗೋಟ್ಸ್ ತೀರಿಕೊಂಡುದು 1562ರ ಜುಲೈ 23ರಂದು, ಎಂಬತ್ತು ದಾಟಿದ ಮೇಲೆ, ಸೆರೆಯಲ್ಲಲ್ಲ, ತನ್ನ ಕೋಟೆಯಲ್ಲಿ. ಷ್ಯೋನ್‌ಟಾಲ್ ಮಠದಲ್ಲಿ ಆತನ ಸಮಾಧಿಯಿದೆ.